ಎಡಗೈಯ ಬೆಲೆ

ನಮ್ಮೂರು ಗೂಳೂರಿನ ಗಣಪತಿಯ ಹೆಸರು ಕೇಳದವರು ತುಮಕೂರು ಸೀಮೆಯಲ್ಲಿ ಕಡಿಮೆ. ಬೇರೆ ಊರುಗಳಲ್ಲಿ ಚೌತಿಗೆ ಗಣಪತಿ ಕೂತು ಎದ್ದು ಹೋದರೆ, ನಮ್ಮಲ್ಲಿ ಚೌತಿಯ ದಿನ ಮಣ್ಣಿನ ಕೆಲಸ ಮೊದಲಾಗುತ್ತದೆ. ಬಲಿಪಾಡ್ಯಮಿಗೆ ಪೂಜೆ. ಕಾರ್ತಿಕವೆಲ್ಲ ಮನೆಗೆ ನೆಂಟರು ತಪ್ಪುವುದಿಲ್ಲ.

ಕಳೆದ ಕಾರ್ತಿಕದಲ್ಲಿ ಹಾಗೆ ಬಂದವನು ನನ್ನ ತಮ್ಮನ ಮಗ. ಹೆಗಲಿಗೆ ಉದ್ದನೆಯ ಚೀಲ. ತಂಬೂರಿ ಇರಬೇಕೆಂದುಕೊಂಡೆ. ಬಿಚ್ಚಿದರೆ ತುದಿಯಲ್ಲಿ ಸಣ್ಣ ಗುದ್ದಲಿಯಂಥ ತಲೆಯಿದ್ದ ಆರು ಕೋಲುಗಳು.

"ಗಾಲ್ಫ್ ಕೋಲು ಅತ್ತೆ. ಈಗ ಇದೇ ನನ್ನ ಕೆಲಸ."

ಡಿಪ್ಲೊಮಾ ಮುಗಿಸಿ ಅಂತರಸನಹಳ್ಳಿಯ ಒಂದು ಕಾರ್ಖಾನೆಯಲ್ಲಿ ಲೇತ್ ತಿರುಗಿಸುತ್ತಿದ್ದ ಹುಡುಗ, ಬೆಂಗಳೂರಿಗೆ ಹೋಗಿ ಒಂದು ಶೆಡ್ ಹಿಡಿದು ಗಾಲ್ಫ್ ಕೋಲುಗಳ ರಿಪೇರಿ ಮಾಡುತ್ತಿದ್ದಾನೆಂದು ತಮ್ಮ ಹೇಳಿದ್ದ. ಹಳೆಯ ಹಿಡಿಯನ್ನು ಬ್ಲೇಡಿನಿಂದ ಸೀಳಿ ತೆಗೆಯುವುದು, ಎರಡೂ ಕಡೆ ಅಂಟುವ ಟೇಪು ಸುತ್ತಿ ಹೊಸ ಹಿಡಿ ತೂರಿಸುವುದು, ಮಕ್ಕಳಿಗಾಗಿ ದಂಡವನ್ನು ಕತ್ತರಿಸಿ ಗಿಡ್ಡ ಮಾಡುವುದು. ಈಗ ಅವನೇ ಮಕ್ಕಳಿಗೆಂದು ಕೋಲು ತಯಾರಿಸಬೇಕಂತೆ, ಅದರಲ್ಲೂ ಎಡಚ ಮಕ್ಕಳಿಗೆ. ಅದಕ್ಕೆ ಎರಡು ಲಕ್ಷ ಬೇಕು.

"ಇದು ವ್ಯಾಪಾರ ಅಲ್ಲ ಅತ್ತೆ, ಒಂದು ಸೇವೆ" ಎಂದ.

ಆ ಮಾತಿಗೆ ನನಗೆ ಸಿಟ್ಟು ಬಂತು. ಸೇವೆ ಎಂದು ಬೋರ್ಡು ಹಾಕಿಕೊಂಡು ಕಾಸು ಎಣಿಸುವವರನ್ನು ಮೂವತ್ತು ವರ್ಷ ಶಾಲೆಗಳಲ್ಲಿ ಕಂಡಿದ್ದೇನೆ. "ಸೇವೆಯಾದರೆ ಪುಕ್ಕಟೆ ಕೊಡು. ವ್ಯಾಪಾರವಾದರೆ ವ್ಯಾಪಾರ ಅನ್ನು, ಅದರಲ್ಲಿ ನಾಚಿಕೆಯೇನೋ?" ಎಂದೆ. ಸುಮ್ಮನಾದ.

ಸಿಟ್ಟಿಗೆ ಇನ್ನೊಂದು ಕಾರಣವೂ ಇತ್ತು. ಗಾಲ್ಫ್ ಎಂದರೆ ನನಗೆ ಬೆಂಗಳೂರಿನ ಹೈಗ್ರೌಂಡ್ಸಿನ ಬೇಲಿಯಾಚೆ, ಬಸ್ಸಿನ ಕಿಟಕಿಯಿಂದ ಕಂಡ ಹಸಿರು. ಇಂಗ್ಲಿಷರು 1876ರಲ್ಲಿ ಶುರುಮಾಡಿದ ಕ್ಲಬ್ಬು ಅದು. ನಮ್ಮ ಕಡೆ ಕೊಳವೆಬಾವಿ ಕೊರೆದು ಕೊರೆದು ಧೂಳು ಬರುವಾಗ ಆಟದ ಹುಲ್ಲಿಗೆ ನೀರು ಹಾಯಿಸುವುದು ಯಾವ ನ್ಯಾಯ? ಕೇಳಿದೆ. ಅದಕ್ಕೆ ಅವನಲ್ಲಿ ಉತ್ತರವಿರಲಿಲ್ಲ. ಇವತ್ತಿಗೂ ಇಲ್ಲ.

ಆದರೆ ಅವನಿಗೆ ಕಥೆ ಹೇಳುವುದು ಬರುತ್ತದೆ. ಬೆಂಗಳೂರಿನ ಅದಿತಿ ಅಶೋಕ್ 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸಿನಲ್ಲಿ ನಾಲ್ಕನೆಯವಳಾಗಿ ಬಂದಳಲ್ಲ, ಅವಳ ಕೋಲುಗಳ ಚೀಲ ಹೊತ್ತು ಪಕ್ಕದಲ್ಲಿ ನಡೆದವರು ಅವಳ ತಾಯಿಯೇ ಎಂದ. ನನಗೆ ಅದು ಗೊತ್ತಿರಲಿಲ್ಲ. ಮಗಳ ಸ್ಕೂಲ್‌ಬ್ಯಾಗು ಹೊತ್ತ ತಾಯಂದಿರನ್ನು ದಿನಾ ನೋಡುವ ನನಗೆ ಅದು ಮನಸ್ಸಿಗೆ ನಾಟಿತು.

ಆಮೇಲೆ ಅಮೆರಿಕದ ಕಾರ್ಸ್ಟನ್ ಸೋಲ್‌ಹೈಮ್ ಎಂಬಾತನ ಕಥೆ. ನಾರ್ವೆಯಲ್ಲಿ ಹುಟ್ಟಿದವನು, ಚಪ್ಪಲಿ ಹೊಲಿಯುವವನ ಮಗ. ದುಡ್ಡಿಲ್ಲದೆ ಕಾಲೇಜು ಬಿಟ್ಟು ತಾನೂ ಆ ಕೆಲಸ ಮಾಡಿದವನು. ಮುಂದೆ ಎಂಜಿನಿಯರಾಗಿ, ನಲವತ್ತು ದಾಟಿದ ಮೇಲೆ ಗಾಲ್ಫ್ ಕಲಿತ. ಚೆಂಡನ್ನು ಗುಳಿಗೆ ತಳ್ಳುವಾಗ ಕೈ ತಪ್ಪುತ್ತಿತ್ತು. ತಪ್ಪು ಕೈಯದೇ, ಕೋಲಿನದೇ ಎಂದು ಯೋಚಿಸಿ, ತಲೆಯ ಎರಡು ತುದಿಗೆ ಭಾರ ಹಂಚಿದ ಕೋಲೊಂದನ್ನು 1959ರಲ್ಲಿ ತನ್ನ ಮನೆಯ ಗ್ಯಾರೇಜಿನಲ್ಲಿ ಮಾಡಿದ. ಚೆಂಡು ನಡುವೆ ತಗಲದಿದ್ದರೂ ಕೋಲು ಅಷ್ಟಾಗಿ ತಿರುಚುತ್ತಿರಲಿಲ್ಲ. ಹೊಡೆದಾಗ ಬಂದ ಸದ್ದೇ 'ಪಿಂಗ್' ಎಂಬ ಹೆಸರಾಯಿತು. 1966ರ ಇನ್ನೊಂದು ಕೋಲಿಗೆ ಹೆಂಡತಿ ಲೂಯಿಸ್ 'ಆನ್ಸರ್' ಎಂಬ ಹೆಸರು ಸೂಚಿಸಿದಳು. ಅಷ್ಟು ಅಕ್ಷರ ಅದರ ಮೇಲೆ ಹಿಡಿಸದು ಎಂದಾಗ ನಡುವಿನ ಒಂದಕ್ಷರ ಬಿಡಿ ಎಂದವಳೂ ಅವಳೇ. ಕಾಗುಣಿತ ತಪ್ಪಿದರೆ ಕೆಂಪು ಗೆರೆ ಎಳೆಯುವ ನಾನು ಇದೊಂದನ್ನು ಮನ್ನಿಸಿದೆ.

"ಎಲ್ಲ ಸರಿ ಕಣೋ, ಈ ಎಡಗೈಯ ಹುಚ್ಚು ಯಾಕೆ?" ಎಂದೆ. ಕೇಳಿದ ಮೇಲೆ ನಾಲಗೆ ಕಚ್ಚಿಕೊಂಡೆ.

ಅವನೇ ಎಡಚ. ಐದು ವರ್ಷದವನಾಗಿದ್ದಾಗ ಬೇಸಿಗೆ ರಜಕ್ಕೆ ಅವನನ್ನು ನಮ್ಮಲ್ಲಿ ಬಿಟ್ಟಿದ್ದರು. ನಾನು ಬಿ.ಎಡ್. ಮುಗಿಸಿ ಎರಡು ವರ್ಷವಾಗಿತ್ತು. ಮಕ್ಕಳ ಮನಃಶಾಸ್ತ್ರದ ಪತ್ರಿಕೆಯಲ್ಲಿ ಒಳ್ಳೆಯ ಅಂಕವನ್ನೇ ತೆಗೆದಿದ್ದೆ. ಆದರೂ ಎಡಗೈಯಲ್ಲಿ ಬಳಪ ಹಿಡಿದ ಮಗುವನ್ನು ಕಂಡರೆ ಆಗುತ್ತಿರಲಿಲ್ಲ. ಒಂದು ದಿನ ಅವನ ಎಡಗೈಯನ್ನು ಟವೆಲಿನಿಂದ ಬೆನ್ನ ಹಿಂದೆ ಕಟ್ಟಿ ಅ ಆ ಇ ಈ ತಿದ್ದಿಸಿದೆ. ಅತ್ತ. ರಜ ಮುಗಿಯುವ ಹೊತ್ತಿಗೆ ಬಲಗೈಯಲ್ಲಿ ದುಂಡಗೆ ಬರೆಯುತ್ತಿದ್ದ. ನೋಡಿ ಎಲ್ಲರೂ ನನ್ನನ್ನೇ ಹೊಗಳಿದರು. ಅವನು ಆ ಟವೆಲನ್ನು ಮರೆತಿರಬಹುದು ಎಂದು ಇಷ್ಟು ವರ್ಷ ಅಂದುಕೊಂಡಿದ್ದೆ.

ಅವನು ಆ ಮಾತು ಎತ್ತಲಿಲ್ಲ. ಬಲಗೈಯ ಕೋಲನ್ನು ತಿರುಗಿಸಿ ಹಿಡಿದರೆ ಎಡಗೈಯದಾಗುವುದಿಲ್ಲ, ತಲೆಯನ್ನೇ ಬೇರೆ ಅಚ್ಚಿನಲ್ಲಿ ಎರಕ ಹೊಯ್ಯಬೇಕು ಎಂದು ವಿವರಿಸಿದ. ಕೊಳ್ಳುವವರು ಕಡಿಮೆ, ಅದಕ್ಕೇ ಅಂಗಡಿಯವರು ಇಡುವುದಿಲ್ಲ. ಅಂಗಡಿಯಲ್ಲಿ ಇಲ್ಲದ್ದಕ್ಕೆ ಮಕ್ಕಳು ಬಲಗೈಗೆ ತಿರುಗುತ್ತಾರೆ. 1963ರಲ್ಲಿ ಬ್ರಿಟಿಷ್ ಓಪನ್ ಗೆದ್ದ ನ್ಯೂಜಿಲೆಂಡಿನ ಬಾಬ್ ಚಾರ್ಲ್ಸ್ ಎಡಗೈ ಆಟಗಾರ, ಆದರೆ ಉಳಿದ ಎಲ್ಲಕ್ಕೂ ಬಲಗೈಯವನಂತೆ! ಕೈಯ ವಿಷಯ ನಾನು ತಿಳಿದಷ್ಟು ಸುಲಭವಲ್ಲ ಎಂದಾಯಿತು.

ಆಮೇಲೆ ಲೆಕ್ಕಕ್ಕೆ ಕೂತೆವು. ಎಡಗೈಯ ಒಂದು ಕೋಲಿಗೆ ನಾನೂರು ರೂಪಾಯಿ ಹೆಚ್ಚು ಬೀಳುತ್ತದೆ. ಅದನ್ನು ಆ ಮಗುವಿನ ಮೇಲೆ ಹಾಕಲಾರೆ ಎಂದ. ಹತ್ತು ಜನಕ್ಕೆ ಒಬ್ಬ ಎಡಚ ಎಂದು ಹಿಡಿದು, ಅವನನ್ನೂ ಸೇರಿಸಿ ಎಲ್ಲರ ಕೋಲಿಗೂ ನಲವತ್ತು ರೂಪಾಯಿ ಏರಿಸಿದರೆ ಸರಿಹೋಗುತ್ತದೆ, ಎಲ್ಲರಿಗೂ ಒಂದೇ ಬೆಲೆ.

ಕೇಳಲು ಚೆಂದ. ತರಗತಿಯಲ್ಲಿ ನಾವು ಮಾಡುವುದೂ ಇದೇ ಅಲ್ಲವೆ? ನಲವತ್ತು ನಿಮಿಷದ ಪೀರಿಯಡ್ಡಿನಲ್ಲಿ ಹದಿನೈದು ನಿಮಿಷ ಹಿಂದುಳಿದ ಮೂವರಿಗೇ ಹೋಗುತ್ತದೆ. ಉಳಿದವರ ಪಾಲಿನಿಂದ ಕಿತ್ತು ಕೊಟ್ಟದ್ದು ಅದು. ಒಬ್ಬ ತಾಯಿ ಬಂದು, "ಮೇಡಂ, ನಮ್ಮ ಮಗಳ ಹೊತ್ತನ್ನು ನೀವು ಬೇರೆಯವರಿಗೆ ಕೊಡ್ತೀರಿ" ಎಂದು ನೇರವಾಗಿ ಹೇಳಿದ್ದರು. ಅವರ ಮಾತು ಸುಳ್ಳಾಗಿರಲಿಲ್ಲ. ಆದರೂ ನಾನು ಬಿಡಲಿಲ್ಲ. ಅವರಿಗೆ ಅದು ಗೊತ್ತಾದದ್ದು ಒಳ್ಳೆಯದೇ ಆಯಿತು ಎಂದು ಮಾತ್ರ ಈಗ ಅನ್ನಿಸುತ್ತದೆ.

"ಆ ನಲವತ್ತು ರೂಪಾಯಿ ಯಾತಕ್ಕೆ ಅಂತ ಕೊಡುವವರಿಗೆ ಹೇಳ್ತೀಯೋ?"

"ಹೇಳಿದರೆ ಪಕ್ಕದ ಅಂಗಡಿಗೆ ಹೋಗ್ತಾರೆ ಅತ್ತೆ."

ಇಲ್ಲಿ ಇಬ್ಬರಿಗೂ ವಾದವಾಯಿತು. ಒಳ್ಳೆಯ ಕೆಲಸಕ್ಕೇ ಆದರೂ ಕೇಳದೆ ಇನ್ನೊಬ್ಬರ ಜೇಬಿನಿಂದ ತೆಗೆಯಬಹುದೆ? ವ್ಯಾಪಾರಿ ತನ್ನ ಲಾಭದ ಲೆಕ್ಕವನ್ನು ಗಿರಾಕಿಗೆ ಒಪ್ಪಿಸಬೇಕಿಲ್ಲ, ನಿಜ. ಆದರೆ ಇವನು ಇದನ್ನು ಬರೀ ವ್ಯಾಪಾರ ಅಲ್ಲ ಎನ್ನುತ್ತಾನಲ್ಲ. ಬೇರೆಯವರ ದುಡ್ಡಿನಲ್ಲಿ ಇವನೊಬ್ಬನೇ ಒಳ್ಳೆಯವನಾಗುವುದು ನನಗೆ ಸರಿ ಕಾಣಲಿಲ್ಲ. ನಮ್ಮ ಗಣಪತಿಯನ್ನೇ ತೆಗೆದುಕೊಳ್ಳಿ. ಊರಿನ ಎಲ್ಲ ಕೋಮಿನವರೂ ಸೇರಿಯೇ ಆ ಕೆಲಸ ಆಗುವುದು, ಯಾರ ಪಾಲು ಏನೆಂದು ಎಲ್ಲರಿಗೂ ಗೊತ್ತು. ತಿಂಗಳ ಮೇಲೆ ಕೆರೆಯಲ್ಲಿ ಕರಗಿಹೋಗುವ ಮಣ್ಣಿಗೆ ಯಾರೂ ಲೆಕ್ಕ ಕೇಳದಿರುವುದು ಅದಕ್ಕೇ ಇರಬೇಕು.

ಅವನು ತಿರುಗಿಸಿ ಕೇಳಿದ: "ಹಾಗಾದರೆ ಬಲಗೈಯವರು ಇಷ್ಟು ದಿನ ಎಡಗೈಯವರ ಪಾಲಿನದನ್ನು ಅವರನ್ನು ಕೇಳಿ ತಗೊಂಡರಾ ಅತ್ತೆ?"

ನಾನು ಒಳಗೆ ಹೋಗಿ ಕಾಫಿಗೆ ಇಟ್ಟೆ.

ಮರುದಿನ ತುಮಕೂರಿಗೆ ಹೋಗಿ ಪೋಸ್ಟಾಫೀಸಿನ ಠೇವಣಿ ಬಿಡಿಸಿದೆ. ಎರಡು ಲಕ್ಷ ಪೂರ್ತಿ ಅಲ್ಲ, ಒಂದೂವರೆ. ಮನೆಯವರು, "ಮುಳುಗಿದರೆ?" ಎಂದರು. ಮುಳುಗಬಹುದು. ಬಡ್ಡಿ ಬೇಡ, ಅಸಲು ಬೇಕು, ಬೆಲೆಪಟ್ಟಿಯಲ್ಲಿ ಆ ನಲವತ್ತು ರೂಪಾಯಿಯನ್ನು ಬೇರೆಯಾಗಿ ಬರೆಯಬೇಕು ಎಂದು ಹೇಳಿಯೇ ಕೊಟ್ಟೆ. ಗೊಣಗುತ್ತ ಒಪ್ಪಿದ.

ಯುಗಾದಿಗೆ ಬಂದಾಗ ಪಟ್ಟಿ ತಂದು ತೋರಿಸಿದ. ಇಬ್ಬರು ಗಿರಾಕಿಗಳು ಅದನ್ನು ಓದಿ ವಾಪಸು ಹೋದರಂತೆ. ಒಬ್ಬರು ನಲವತ್ತರ ಬದಲು ನೂರು ಕೊಟ್ಟರಂತೆ. ಪಟ್ಟಿಯನ್ನು ಅಚ್ಚು ಹಾಕಿಸದೆ ಕೈಯಲ್ಲೇ ಬರೆದಿದ್ದ. ಬಲಗೈಯ ಬರಹ. ನಾನು ತಿದ್ದಿಸಿದ ಅದೇ ದುಂಡು ಅಕ್ಷರ.