ಇಂದಿನ ಧಮ್ಮ ಚಿಂತನೆ: ಹತ್ತಿರ ಬಂದರೆ ಸಾಲದು



ಇಂದಿನ ಪ್ರಶ್ನೆ ಒಂದೇ. ದೂರವಾದ ಇಬ್ಬರು ಕೂಡಬೇಕಾದರೆ ಹೊಂದಿಕೊಳ್ಳಬೇಕಾದವರು ಯಾರು?

ಈ ಪ್ರಶ್ನೆ ನನಗೆ ಸಿಕ್ಕಿದ್ದು ಒಂದು ಕಂಪ್ಯೂಟರ್ ಆಟದಲ್ಲಿ. ನಗಬೇಡಿ, ಪೂರ್ತಿ ಓದಿ.

ನನ್ನ ಮಗ ಇಂಜಿನಿಯರಿಂಗ್ ಎರಡನೇ ವರ್ಷಕ್ಕೇ ಬಿಟ್ಟು ಮನೆಗೆ ಬಂದ. ಯಾಕೆ ಎಂದರೆ ಬಾಯಿ ಬಿಡಲಿಲ್ಲ. ನಾನು ಮೇಷ್ಟ್ರು, ಬುದ್ಧಿ ಹೇಳುವುದೊಂದೇ ನನಗೆ ಗೊತ್ತಿದ್ದ ದಾರಿ. ಊಟಕ್ಕೆ ಕೂತಾಗಲೆಲ್ಲ ಶುರು ಮಾಡುತ್ತಿದ್ದೆ: "ಬಾಬಾಸಾಹೇಬರು ಎಂಥ ಅವಮಾನ ನುಂಗಿಕೊಂಡು ಓದಿದ್ರು, ನಿನಗೇನು ಕಮ್ಮಿ ಮಾಡಿದೀನಿ?" ಅವನು ತಟ್ಟೆ ಎತ್ತಿಕೊಂಡು ರೂಮಿಗೆ ಹೋಗುತ್ತಿದ್ದ. ನಾನು ಇನ್ನೂ ಜೋರಾಗಿ ಹೇಳುತ್ತಿದ್ದೆ. ಅವನು ಬಾಗಿಲು ಹಾಕಿಕೊಳ್ಳುತ್ತಿದ್ದ. ಏಳು ತಿಂಗಳು ಹೀಗೇ ಕಳೆಯಿತು.

ರೂಮಿನಲ್ಲಿ ಅವನು ಆಡುತ್ತಿದ್ದದ್ದು ಕರ್ಬಲ್ ಸ್ಪೇಸ್ ಪ್ರೋಗ್ರಾಂ ಎಂಬ ಆಟ. ನಾವೇ ರಾಕೆಟ್ ಕಟ್ಟಬೇಕು, ನಾವೇ ಹಾರಿಸಬೇಕು. ಅದರಲ್ಲಿ ಹಸಿರು ಬಣ್ಣದ ಪುಟ್ಟ ಗಗನಯಾನಿಗಳು, ಕರ್ಬಿನ್ ಎಂಬ ಕಲ್ಪನೆಯ ಗ್ರಹ. ಆದರೆ ನೌಕೆ ಸುತ್ತುವ ರೀತಿ ಮಾತ್ರ ನಿಜವಾದ ಆಕಾಶದ್ದೇ. ಒಂದು ರಾತ್ರಿ ನನ್ನ ಹೆಂಡತಿ ಹೇಳಿದಳು, "ಏನೂ ಮಾತಾಡ್ಬೇಡಿ. ಸುಮ್ನೆ ಹೋಗಿ ಅವನ ಪಕ್ಕ ಕೂತ್ಕೊಳ್ಳಿ." ಹೋಗಿ ಕೂತೆ. ಮೂರನೇ ದಿನ ಅವನೇ ಕೀಬೋರ್ಡ್ ನನ್ನ ಕಡೆ ಸರಿಸಿದ. "ಅಪ್ಪ, ಅಲ್ಲೊಂದು ನೌಕೆ ಸುತ್ತುತಾ ಇದೆ. ನಿನ್ನ ನೌಕೆನ ಅದಕ್ಕೆ ಜೋಡಿಸು ನೋಡೋಣ."

ಎರಡೂ ಒಂದೇ ಕಕ್ಷೆಯಲ್ಲಿದ್ದವು. ಅದು ಮುಂದೆ, ನನ್ನದು ಹಿಂದೆ. ಇದರಲ್ಲೇನಿದೆ ಎಂದುಕೊಂಡು ಮೂತಿಯನ್ನು ಅದರ ಕಡೆ ತಿರುಗಿಸಿ ಇಂಜಿನ್ ಹೊತ್ತಿಸಿದೆ. ಸ್ವಲ್ಪ ಹೊತ್ತು ಅಂತರ ಕಡಿಮೆಯಾಯಿತು. ಆಮೇಲೆ ಬೆಳೆಯತೊಡಗಿತು. ಇನ್ನೂ ಜೋರಾಗಿ ನೂಕಿದೆ. ಇನ್ನೂ ದೂರವಾಯಿತು. ಇಂಧನ ಮುಗಿಯಿತು.

ಈ ತಪ್ಪು ನನ್ನೊಬ್ಬನದಲ್ಲ ಎಂದು ಮಗ ಸಮಾಧಾನ ಹೇಳಿದ. 1965ರ ಜೂನ್‌ನಲ್ಲಿ ಅಮೆರಿಕದ ಜೆಮಿನಿ 4 ನೌಕೆಯಲ್ಲಿದ್ದ ಜೇಮ್ಸ್ ಮೆಕ್‌ಡಿವಿಟ್ ಕೂಡ, ತಮ್ಮನ್ನು ಹೊತ್ತು ತಂದ ರಾಕೆಟ್ಟಿನ ಖಾಲಿ ಭಾಗದ ಹತ್ತಿರ ಹೋಗಲು ಹೀಗೇ ಅದರ ಕಡೆಗೆ ನೂಕಿ ನೋಡಿದರು. ಅದು ದೂರ ಸರಿಯುತ್ತಲೇ ಹೋಯಿತು. ಇಂಧನ ಕರಗುವುದನ್ನು ಕಂಡು ಪ್ರಯತ್ನ ಕೈಬಿಡಬೇಕಾಯಿತು.

ಕಾರಣ ಸರಳ. ಕಕ್ಷೆಯಲ್ಲಿ ಮುಂದಕ್ಕೆ ನೂಕಿದರೆ ನೌಕೆ ಮೇಲಕ್ಕೇರುತ್ತದೆ. ಮೇಲೆ ಸುತ್ತು ದೊಡ್ಡದು, ನಡಿಗೆ ನಿಧಾನ. ಸುಮಾರು 400 ಕಿ.ಮೀ. ಎತ್ತರದ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ ಸುಮಾರು ಒಂದೂವರೆ ಗಂಟೆಗೆ ಭೂಮಿಯನ್ನು ಒಂದು ಸುತ್ತು ಬರುತ್ತದೆ. ಅದಕ್ಕಿಂತ ಎಷ್ಟೋ ಎತ್ತರದ ಚಂದ್ರನಿಗೆ ಸುಮಾರು 27 ದಿನ ಬೇಕು. ಹಾಗಾಗಿ ಮುಂದಿರುವುದನ್ನು ಹಿಡಿಯಬೇಕಾದರೆ ಮೊದಲು ಬ್ರೇಕ್ ಹಾಕಬೇಕು. ಆಗ ನೌಕೆ ಕೆಳಗಿಳಿಯುತ್ತದೆ, ಚಿಕ್ಕ ಸುತ್ತಿನಲ್ಲಿ ಬೇಗ ಬೇಗ ಸಾಗಿ ಸಮೀಪಿಸುತ್ತದೆ.

ಅಂದು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಏಳು ತಿಂಗಳು ಮಗನ ಕಡೆ ಮೂತಿ ತಿರುಗಿಸಿ ಇಂಜಿನ್ ಒತ್ತುತ್ತಲೇ ಇದ್ದೆನಲ್ಲ!

ಮರುದಿನ ಬ್ರೇಕ್ ಹಾಕಿ ಹಿಡಿದೆ. ಅಂತರ 400 ಮೀಟರ್‌ಗೆ ಬಂತು. "ಸಿಕ್ತು!" ಎಂದು ಕೂಗಿದೆ. ಕೂಗಿ ಮುಗಿಸುವಷ್ಟರಲ್ಲಿ ಅದು ಪಕ್ಕದಲ್ಲೇ ಸುಯ್ಯೆಂದು ಹಾದುಹೋಯಿತು. ಮಗ ಗಾಜಿನ ಮೇಲೆ ಬೆರಳಿಟ್ಟ. "ದೂರ ನೋಡ್ಬೇಡ ಅಪ್ಪ. ಈ ನಂಬರ್ ನೋಡು." ಅದು ನಮ್ಮ ಎರಡು ನೌಕೆಗಳ ವೇಗದ ವ್ಯತ್ಯಾಸ, ಸೆಕೆಂಡಿಗೆ 80 ಮೀಟರ್. ಎರಡೂ ಕರ್ಬಿನ್ನಿನ ಸುತ್ತ ಸೆಕೆಂಡಿಗೆ 2,200 ಮೀಟರ್‌ನಷ್ಟು ಓಡುತ್ತಿದ್ದವು. ಆ ಓಟದಿಂದ ತೊಂದರೆಯಿಲ್ಲ. ತೊಂದರೆ ಇದ್ದದ್ದು ವ್ಯತ್ಯಾಸದಲ್ಲಿ. ವ್ಯತ್ಯಾಸ ಉಳಿಸಿಕೊಂಡು ಹತ್ತಿರ ಬಂದರೆ ಒಂದೋ ಹಾದುಹೋಗುತ್ತೀರಿ, ಇಲ್ಲವೇ ಡಿಕ್ಕಿ ಹೊಡೆಯುತ್ತೀರಿ. ಅದನ್ನು ಸೊನ್ನೆಗೆ ತಂದರೆ ಎರಡು ನೌಕೆಗಳೂ ಒಂದರ ಪಕ್ಕ ಒಂದು ನಿಂತಂತಾಗುತ್ತವೆ. ಆಮೇಲೆ ಸೆಕೆಂಡಿಗೆ 20 ಸೆಂಟಿಮೀಟರ್‌ನಂತೆ ತೆವಳಿದರೆ ಸಾಕು.

ಬಂಧುಗಳೇ, ನಮ್ಮ ಊರು ಕೇರಿಗಳ ನಡುವಿನ ಅಂತರ 400 ಮೀಟರ್ ಕೂಡ ಇರುವುದಿಲ್ಲ. ಸಾವಿರಾರು ವರ್ಷ ಪಕ್ಕಪಕ್ಕದಲ್ಲೇ ಇದ್ದೇವೆ, ಕೂಡಿಲ್ಲ. 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಬಾಬಾಸಾಹೇಬರು ಎಚ್ಚರಿಸಿದ್ದು ಇದನ್ನೇ. ಸ್ವಾತಂತ್ರ್ಯ, ಸಮಾನತೆ, ಬಂಧುತ್ವ ಈ ಮೂರನ್ನು ಒಂದರಿಂದ ಒಂದನ್ನು ಬಿಡಿಸಲಾಗದು ಎಂದರು. ಸಮಾನತೆ ಇಲ್ಲದ ಕಡೆ ಬಂಧುತ್ವದ ಮಾತು, ವೇಗ ಸಮವಾಗದೆ ಜೋಡಣೆಗೆ ನುಗ್ಗಿದ ಹಾಗೆ.

ಭಗವಾನ್ ಬುದ್ಧರು ಸಿಗಾಲನೆಂಬ ಗೃಹಸ್ಥನ ಮಗನಿಗೆ ನಾಲ್ಕು ಸಂಗ್ರಹ ವಸ್ತುಗಳನ್ನು ಹೇಳಿದರು. ಇಲ್ಲಿ ಸಂಗ್ರಹ ಎಂದರೆ ಜನರನ್ನು ಕೂಡಿಸಿ ಹಿಡಿಯುವುದು. ದಾನ, ಪ್ರಿಯವಚನ, ಅರ್ಥಚರ್ಯೆ, ಸಮಾನಾತ್ತತಾ. ಅಂದರೆ ಕೊಡುವುದು, ಹಿತವಾಗಿ ಮಾತಾಡುವುದು, ನೆರವಾಗುವುದು, ಸಮಾನರಾಗಿ ನಡೆದುಕೊಳ್ಳುವುದು. ಫೀಸು ಕಟ್ಟಿದ್ದೆ. ಓಡಾಡಿ ಸೀಟು ಕೊಡಿಸಿದ್ದೆ. ಹಿತವಾದ ಮಾತು ಮೊದಮೊದಲು ಇತ್ತು, ಆಮೇಲೆ ತಪ್ಪಿತು. ನಾಲ್ಕನೆಯದು ಎಂದೂ ಇರಲಿಲ್ಲ. ಅವನ ಎದುರು ನಾನು ಯಾವಾಗಲೂ ಮೇಷ್ಟ್ರೇ.

ಹನ್ನೊಂದನೇ ದಿನ ಎರಡೂ ನೌಕೆಗಳು ಜೋಡಿಕೊಂಡವು. ಇಬ್ಬರೂ ಸುಮ್ಮನೆ ನೋಡುತ್ತಾ ಕೂತೆವು. ಆಗ ಅವನು ತಾನಾಗಿಯೇ ಮಾತು ತೆಗೆದ. ಹಾಸ್ಟೆಲಿನಲ್ಲಿ ಅವನ ಜಾತಿ ಗೊತ್ತಾದ ಮೇಲೆ ಜೊತೆಯವರು ಊಟದ ಟೇಬಲ್ಲಿನಿಂದ ಎದ್ದು ಹೋಗುತ್ತಿದ್ದರಂತೆ. ದೂರು ಕೊಟ್ಟರೆ, "ಸ್ವಲ್ಪ ಅಡ್ಜಸ್ಟ್ ಮಾಡ್ಕೊಂಡು ಹೋಗಪ್ಪ" ಎಂದರಂತೆ. "ಮನೆಗೆ ಬಂದ್ರೆ ನೀನೂ ಅದನ್ನೇ ಹೇಳಿದೆ ಅಪ್ಪ. ಅವಮಾನ ನುಂಗ್ಕೊಂಡು ಓದು ಅಂತ."

ಈಗ ಮೊದಲಿನ ಪ್ರಶ್ನೆಗೆ ಬರೋಣ. ಹೊಂದಿಕೊಳ್ಳಬೇಕಾದವರು ಯಾರು? ನಮ್ಮ ಜನ ಈ "ಹೊಂದಿಕೊಂಡು ಹೋಗಿ" ಎಂಬ ಮಾತನ್ನು ತಲೆಮಾರುಗಳಿಂದ ಕೇಳಿದ್ದಾರೆ. ಆಟ ಕಲಿಸಿದ ಉತ್ತರ ಬೇರೆ: ಯಾರ ಬಳಿ ಇಂಧನವಿದೆಯೋ ಅವರು. ಅಪ್ಪ ಮಗನ ನಡುವೆ ಅಧಿಕಾರ ನನ್ನದು, ಹಾಗಾಗಿ ಇಳಿಯಬೇಕಾದವನು ನಾನು. ಹಾಸ್ಟೆಲಿನಲ್ಲಿ ಅಧಿಕಾರವಿದ್ದದ್ದು ನಡೆಸುವವರ ಕೈಯಲ್ಲಿ, ಆದರೆ ಹೊಂದಿಕೊಳ್ಳಲು ಹೇಳಿದ್ದು ಏನೂ ಇಲ್ಲದ ಹುಡುಗನಿಗೆ. ಅದು ಅನ್ಯಾಯ. ಅಲ್ಲಿಂದ ಎದ್ದು ಬಂದದ್ದನ್ನು ನಾನು ಸೋಲು ಎಂದುಕೊಂಡಿದ್ದೆ.

ಸರಿಯಾದ ದಾರಿಯೂ ಇದೆ. ಮೊದಲಿನ ಜೋಡಣೆಗಳಲ್ಲಿ ಒಂದು ನೌಕೆಯ ಕಡ್ಡಿ ಇನ್ನೊಂದರ ಗೂಡಿನೊಳಗೆ ಹೋಗುತ್ತಿತ್ತು. ಒಂದು ಮಾಡುವುದು, ಇನ್ನೊಂದು ಮಾಡಿಸಿಕೊಳ್ಳುವುದು. 1975ರ ಜುಲೈ 17ರಂದು ಅಮೆರಿಕದ ಅಪೋಲೊ ಮತ್ತು ಸೋವಿಯತ್ ಒಕ್ಕೂಟದ ಸೋಯುಜ್ ಕೂಡಿದಾಗ ಆ ಪದ್ಧತಿ ಬಿಟ್ಟು, ಎರಡೂ ಕಡೆ ಒಂದೇ ಬಗೆಯ ಜೋಡಣೆ ಯಂತ್ರ ಇಟ್ಟರು. ಯಾವ ಕಡೆಯೂ ಮೇಲಲ್ಲ, ಕೀಳಲ್ಲ. ಗಗನಯಾನಿಗಳು ಒಬ್ಬರ ಭಾಷೆ ಇನ್ನೊಬ್ಬರು ಕಲಿತು ಮಾತಾಡಿದರು. ನಮ್ಮ ಇಸ್ರೋ 2025ರ ಜನವರಿ 16ರಂದು ಬೆಂಗಳೂರಿನಿಂದ ನಿಯಂತ್ರಿಸಿ ಜೋಡಿಸಿದ ಸ್ಪೇಡೆಕ್ಸ್‌ನ ಎರಡು ಉಪಗ್ರಹಗಳಲ್ಲೂ ಜೋಡಣೆ ಯಂತ್ರ ಒಂದೇ ಬಗೆಯದು, ತೂಕವೂ ತಲಾ ಸುಮಾರು 220 ಕೆ.ಜಿ. ಅದಕ್ಕೂ ಕೆಲವು ದಿನ ಮೊದಲು ಅವು 3 ಮೀಟರ್‌ವರೆಗೆ ಬಂದು, ಮತ್ತೆ ಸುರಕ್ಷಿತ ದೂರಕ್ಕೆ ಸರಿದು ನಿಂತಿದ್ದವು. ಅವಸರ ಮಾಡಲಿಲ್ಲ.

ಆಟದಲ್ಲಿ ತಪ್ಪಾದರೆ ಒಂದು ಕೀ ಒತ್ತಿ ಹಿಂದಿನ ಜಾಗಕ್ಕೆ ಹೋಗಬಹುದು. ಆ ಏಳು ತಿಂಗಳಿಗೆ ಅಂಥ ಕೀ ಇಲ್ಲ. ಮಗ ಮತ್ತೆ ಓದಲು ಹೋಗುತ್ತಾನೋ ಇಲ್ಲವೋ ಇನ್ನೂ ತೀರ್ಮಾನವಾಗಿಲ್ಲ. ಊಟ ಮಾತ್ರ ಒಟ್ಟಿಗೆ ಮಾಡುತ್ತಿದ್ದೇವೆ.

*ಇಂದಿನ ಅಭ್ಯಾಸ:* ನಿಮಗಿಂತ ಕಡಿಮೆ ಅಧಿಕಾರವಿರುವ ಒಬ್ಬರ ಪಕ್ಕ ಇಂದು ಹತ್ತು ನಿಮಿಷ ಕೂತುಕೊಳ್ಳಿ. ಬುದ್ಧಿ ಹೇಳಬೇಡಿ. ಅವರು ಮಾಡುತ್ತಿರುವ ಕೆಲಸವನ್ನು ಅವರಿಂದಲೇ ಕಲಿಯಿರಿ.

ಭವತು ಸಬ್ಬ ಮಂಗಲಂ. ಜೈ ಭೀಮ್.