ಒಳಫಲ, ಹೊರಫಲ

ಏಳು ವರ್ಷದ ಜಾಣ ಮಗು. ಚದುರಂಗ ಕಲಿಯಲು ಮನಸ್ಸಿಲ್ಲ, ಮಿಠಾಯಿಯ ಆಸೆ ತೋರಿಸಿದರೆ ಆಡುತ್ತದೆ. ತತ್ತ್ವಜ್ಞಾನಿ ಅಲಸ್ಡೇರ್ ಮ್ಯಾಕಿಂಟೈರ್ ‘ಆಫ್ಟರ್ ವರ್ಚ್ಯೂ’ (1981) ಪುಸ್ತಕದಲ್ಲಿ ಕಲ್ಪಿಸಿದ ಪ್ರಸಂಗವಿದು. ಮಿಠಾಯಿಗಷ್ಟೇ ಆಡುವ ತನಕ, ಸಿಕ್ಕಿಬೀಳದಿದ್ದರೆ ಮೋಸ ಮಾಡದಿರಲು ಆ ಮಗುವಿಗೆ ಕಾರಣವೇ ಇಲ್ಲ. ಆಟದ ರುಚಿ ಹತ್ತಿದ ಮೇಲೆ ಮೋಸ ಮಾಡಿದರೆ ತನ್ನನ್ನೇ ತಾನು ಸೋಲಿಸಿಕೊಂಡಂತೆ. ಮಿಠಾಯಿ ಹೊರಫಲ, ಬೇರೆ ದಾರಿಯಲ್ಲೂ ಸಿಗುತ್ತದೆ. ನಡೆ ಲೆಕ್ಕಹಾಕುವ ಸುಖ ಒಳಫಲ. ಆಡಿದವರಿಗಷ್ಟೇ ದಕ್ಕುವಂಥದು, ಆಡಿ ಬಲ್ಲವರಷ್ಟೇ ಅಳೆಯಬಲ್ಲಂಥದು.

ಪರೀಕ್ಷೆಯ ಅಂಕ ಮಿಠಾಯಿಯ ಜಾತಿಗೇ ಸೇರಿದ್ದು. 1862ರಲ್ಲಿ ಇಂಗ್ಲೆಂಡಿನಲ್ಲಿ ರಾಜಕಾರಣಿ ರಾಬರ್ಟ್ ಲೋ ‘ರಿವೈಸ್ಡ್ ಕೋಡ್’ ಎಂಬ ಶಾಲಾ ಅನುದಾನದ ನಿಯಮಾವಳಿ ತಂದರು. ಇನ್‌ಸ್ಪೆಕ್ಟರು ವರ್ಷಕ್ಕೊಮ್ಮೆ ಬಂದು ಒಂದೊಂದು ಮಗುವನ್ನೂ ಓದು, ಬರಹ, ಲೆಕ್ಕದಲ್ಲಿ ಪರೀಕ್ಷಿಸುವುದು. ಮಗು ಒಂದರಲ್ಲಿ ಫೇಲಾದರೆ ಶಾಲೆಯ ಅನುದಾನದಲ್ಲಿ 2 ಶಿಲ್ಲಿಂಗ್ 8 ಪೆನ್ಸ್ ಖೋತಾ. ಬಹಳ ಕಡೆ ಮೇಷ್ಟ್ರ ಸಂಬಳವೂ ಆ ದುಡ್ಡನ್ನೇ ನೆಚ್ಚಿಕೊಂಡಿತ್ತು. ಯಾವ ಪುಸ್ತಕದಿಂದ ಓದಿಸುತ್ತಾರೆಂಬುದು ಮೊದಲೇ ಗೊತ್ತು. ವರ್ಷವಿಡೀ ಅದನ್ನೇ ಉರು ಹೊಡೆಸಿದರಾಯಿತು, ಪುಟ ನೋಡದೆಯೂ ಮಗು ಸರಾಗವಾಗಿ ಒಪ್ಪಿಸುತ್ತದೆ. ಓದಲು ಬಾರದೆಯೇ ಓದಿನಲ್ಲಿ ಪಾಸು! ಕವಿ ಮ್ಯಾಥ್ಯೂ ಆರ್ನಾಲ್ಡ್ ಸ್ವತಃ ಶಾಲಾ ಇನ್‌ಸ್ಪೆಕ್ಟರು. ನೌಕರಿಯಲ್ಲಿದ್ದುಕೊಂಡೇ ಇದನ್ನು ವಿರೋಧಿಸಿದರು. ವ್ಯವಸ್ಥೆ ತೊಲಗಿದ್ದು 1890ರ ದಶಕದಲ್ಲಿ.

ಹಾಗಂತ ಲೋ ಅವರ ಕ್ರಮದಲ್ಲಿ ಹುರುಳಿರಲಿಲ್ಲ ಎನ್ನಲಾಗದು. ಮೇಷ್ಟ್ರ ಗಮನವೆಲ್ಲ ಮೇಲಿನ ತರಗತಿಗಳ ಮೇಲಿದೆ, ಚಿಕ್ಕ ಮಕ್ಕಳು ಮೂಲಪಾಠವನ್ನೂ ಕಲಿಯುತ್ತಿಲ್ಲ ಎಂದು 1861ರಲ್ಲಿ ಶಾಲಾ ಶಿಕ್ಷಣದ ಸ್ಥಿತಿ ಪರಿಶೀಲಿಸಿದ ನ್ಯೂಕ್ಯಾಸಲ್ ಆಯೋಗ ವರದಿ ಕೊಟ್ಟಿತ್ತು. ಸೃಜನಶೀಲತೆಯ ಹೆಸರಲ್ಲಿ ಹಿಂದಿನ ಬೆಂಚನ್ನು ಮರೆಯುವ ಮೇಷ್ಟ್ರು ಈಗಲೂ ಅಪರೂಪವೇನಲ್ಲ. ಅಳತೆಯೇ ಬೇಡ ಎನ್ನುವವರ ಜೊತೆ ನಾನಿಲ್ಲ. ಅಳತೆಗೆ ಹಣವನ್ನೂ ಹೆದರಿಕೆಯನ್ನೂ ಕಟ್ಟಿದಾಗ ಕೆಡುತ್ತದೆ.

ನಮ್ಮ ಎಸ್ಸೆಸ್ಸೆಲ್ಸಿಯ ‘ಪಾಸಿಂಗ್ ಪ್ಯಾಕೇಜ್’ ನೋಡಿ. ಪ್ರಶ್ನೆಪತ್ರಿಕೆಯ ನೀಲನಕ್ಷೆ ಮುಂದಿಟ್ಟುಕೊಂಡು, ಯಾವ ಚಿತ್ರ, ಯಾವ ಪ್ರಮೇಯ ಕಲಿತರೆ ಗಡಿ ದಾಟಬಹುದೆಂದು ಲೆಕ್ಕ ಹಾಕುವುದಕ್ಕೂ ಜಾಣ್ಮೆ ಬೇಕು. ಮೇಷ್ಟ್ರ ಕಲ್ಪಕತೆಯೇ ಅಲ್ಲಿ ಹೊರಫಲದ ಚಾಕರಿಗೆ ನಿಂತಿದೆ.

ಇನ್ನೊಂದು ಸಂಗತಿ. ಒಳಫಲದ ಮಾತೆತ್ತಿ ಬೋಧನೆಯನ್ನು ಹಾಡಿ ಹೊಗಳುವವರಿಗೆ ಮ್ಯಾಕಿಂಟೈರ್ ಪೂರ್ತಿ ಒದಗುವುದಿಲ್ಲ. ತತ್ತ್ವಜ್ಞಾನಿ ಜೋಸೆಫ್ ಡನ್ ಜೊತೆಗಿನ ಸಂವಾದದಲ್ಲಿ (2002) ಬೋಧನೆ ತಾನಾಗಿಯೇ ಒಂದು ಸ್ವತಂತ್ರ ಕಸುಬಲ್ಲ, ಅಂದರೆ ತನ್ನದೇ ಒಳಫಲವುಳ್ಳ ಚಟುವಟಿಕೆಯಲ್ಲ ಎಂದುಬಿಟ್ಟರು. ಅದರ ಗುರಿಗಳೆಲ್ಲ ಗಣಿತ, ಸಾಹಿತ್ಯ, ಸಂಗೀತದಂಥ ಕಸುಬುಗಳಿಂದ ಬಂದವು. ಡನ್ ಒಪ್ಪಲಿಲ್ಲ. ನನಗೆ ಮ್ಯಾಕಿಂಟೈರ್ ಮಾತೇ ಹಿಡಿಸುತ್ತದೆ. ಹಾಗಿದ್ದರೆ ಗಣಿತದ ಮೇಷ್ಟ್ರಿಗೆ ‘ಚಟುವಟಿಕೆ ಆಧಾರಿತ’ ತರಬೇತಿಗಿಂತ ಮೊದಲು ಬೇಕಾದದ್ದು, ಸಿಲಬಸ್ಸಿನಲ್ಲಿಲ್ಲದ ಒಂದು ಲೆಕ್ಕವನ್ನು ತಾವೇ ಕೂತು ಬಿಡಿಸುವಷ್ಟು ಬಿಡುವು.