ಒಂದೇ ಜಾಗ, ಇಬ್ಬರು ಸ್ಪಿನ್ನರ್‌ಗಳು

2025ರಲ್ಲಿ ಭಾರತ ತಂಡ ಇಂಗ್ಲೆಂಡಿಗೆ ಹೋಗಿದ್ದಾಗ ಕುಲದೀಪ್ ಯಾದವ್ ಐದು ಟೆಸ್ಟ್‌ಗಳಲ್ಲಿ ಒಂದನ್ನೂ ಆಡಲಿಲ್ಲ. ಜಡೇಜ, ವಾಷಿಂಗ್ಟನ್ ಸುಂದರ್ ಆದ್ರೆ ಬ್ಯಾಟಿಂಗೂ ಮಾಡ್ತಾರೆ ಅನ್ನೋದು ಲೆಕ್ಕ. ನಮ್ಮ ಆಫೀಸ್ ಕ್ಯಾಂಟೀನಿನಲ್ಲಿ ದಿನಾ ಅದೇ ಜಗಳ. 'ಅನ್ಯಾಯ ಕಣ್ರೀ' ಅಂತ ಒಬ್ಬರು, 'ಟೀಮ್ ಗೆಲ್ಲೋದು ಮುಖ್ಯ' ಅಂತ ಇನ್ನೊಬ್ಬರು. ನಾನು ಬಾಯಿ ಬಿಡಲಿಲ್ಲ. ಯಾಕಂದ್ರೆ ನಾನೂ ಒಮ್ಮೆ ಒಬ್ಬ ಸ್ಪಿನ್ನರನ್ನು ಕೈಬಿಟ್ಟವನು. ಅದನ್ನು ಆಮೇಲೆ ಹೇಳ್ತೀನಿ, ಮೊದಲು ಬೆಂಗಳೂರಿನ ಒಂದು ಮ್ಯಾಚಿನ ವಿಷಯ.

1974ರ ನವೆಂಬರ್. ಈಗಿನ ಚಿನ್ನಸ್ವಾಮಿ ಸ್ಟೇಡಿಯಂನಲ್ಲಿ ಮೊಟ್ಟಮೊದಲ ಟೆಸ್ಟ್, ಎದುರಾಳಿ ವೆಸ್ಟ್ ಇಂಡೀಸ್. ಎಡಗೈ ಸ್ಪಿನ್ನರ್ ಬಿಷನ್ ಸಿಂಗ್ ಬೇಡಿಯವರನ್ನು ಶಿಸ್ತಿನ ಕಾರಣಕ್ಕೆ ಹೊರಗಿಟ್ಟಿದ್ದರು. ಬೇಡಿ ಇದ್ದಾರೆ ಅನ್ನೋ ಒಂದೇ ಕಾರಣಕ್ಕೆ ವರ್ಷಗಟ್ಟಲೆ ಕಾದಿದ್ದ ಹರಿಯಾಣದ ಎಡಗೈ ಸ್ಪಿನ್ನರ್ ರಾಜಿಂದರ್ ಗೋಯಲ್ ಅವರಿಗೆ ಕರೆ ಬಂತು. ಬಂದರು. ಆದರೆ ಆಡುವ ಹನ್ನೊಂದರಲ್ಲಿ ಅವರ ಹೆಸರಿರಲಿಲ್ಲ. ಪ್ರಸನ್ನ, ಚಂದ್ರಶೇಖರ್, ವೆಂಕಟರಾಘವನ್ ಆಡಿದರು. ಭಾರತ 267 ರನ್‌ಗಳಿಂದ ಸೋತಿತು. ಮುಂದಿನ ಟೆಸ್ಟಿಗೆ ಬೇಡಿ ವಾಪಸ್ ಬಂದರು. ರಣಜಿಯಲ್ಲಿ 637 ವಿಕೆಟ್ ತೆಗೆದ ಗೋಯಲ್ ಒಂದೇ ಒಂದು ಟೆಸ್ಟ್ ಆಡದೆ ನಿವೃತ್ತರಾದರು.

ಇದು ಅನ್ಯಾಯವಾ? ಆಡಿದ ಮೂವರಲ್ಲಿ ಯಾರನ್ನು ಬಿಡಬೇಕಿತ್ತು ಅಂತ ನನ್ನನ್ನು ಕೇಳಿದ್ರೆ ಉತ್ತರ ಇಲ್ಲ. ತಂಡದ ಜಾಗ ಯಾರಪ್ಪನ ಆಸ್ತಿಯೂ ಅಲ್ಲ, ಹಾಗಾಗಿ ಅದನ್ನು ಗೋಯಲ್‌ರಿಂದ ಕಿತ್ಕೊಂಡರು ಅನ್ನೋಕೂ ಆಗಲ್ಲ. ಮೋಸ ಮಾಡಿದವರು ಇಲ್ಲದೆಯೂ ಒಬ್ಬ ಮನುಷ್ಯನಿಗೆ ದೊಡ್ಡ ನಷ್ಟ ಆಗಬಹುದು. ಇದನ್ನು ಒಪ್ಪಿಕೊಳ್ಳೋದು ಕಷ್ಟ, ನಮಗೆ ಯಾವಾಗಲೂ ಒಬ್ಬ ಕಳ್ಳ ಬೇಕು.

ಇನ್ನೊಂದು ಸೂಕ್ಷ್ಮ ಇದೆ. ಚಂದ್ರಶೇಖರ್ ಅವರ ಬಲಗೈಯನ್ನು ಪೋಲಿಯೊ ಚಿಕ್ಕಂದಿನಲ್ಲೇ ಸೊರಗಿಸಿತ್ತು. ಮೂರು ವರ್ಷಕ್ಕೂ ಹೆಚ್ಚು ಕಾಲ ಟೆಸ್ಟ್ ತಂಡದ ಹೊರಗಿದ್ದವರನ್ನು 1971ರಲ್ಲಿ ಇಂಗ್ಲೆಂಡಿಗೆ ಕರೆದೊಯ್ದರು. ಓವಲ್‌ನಲ್ಲಿ 38 ರನ್ನಿಗೆ 6 ವಿಕೆಟ್, ಇಂಗ್ಲೆಂಡ್ ನೆಲದಲ್ಲಿ ಭಾರತದ ಮೊದಲ ಟೆಸ್ಟ್ ಗೆಲುವು. 2003ರ ಕೊನೆಯಲ್ಲಿ ಆಸ್ಟ್ರೇಲಿಯಾದಲ್ಲಿ ಮೊದಲ ಟೆಸ್ಟಿಗೆ ಅನಿಲ್ ಕುಂಬ್ಳೆ ಬೆಂಚಿನಲ್ಲಿದ್ದರು. ಹರ್ಭಜನ್ ಬೆರಳಿಗೆ ಪೆಟ್ಟಾಗಿ ಕುಂಬ್ಳೆಗೆ ಜಾಗ ಸಿಕ್ಕಿತು. ಉಳಿದ ಮೂರೇ ಟೆಸ್ಟ್‌ಗಳಲ್ಲಿ 24 ವಿಕೆಟ್. ಆಯ್ಕೆಯಾದವನು ತಾನೇನು ಅಂತ ತೋರಿಸಬಹುದು. ಬಿಟ್ಟವನ ಕೈಯಲ್ಲಿ ತೋರಿಸೋಕೆ ಏನೂ ಇರಲ್ಲ. ಯಾಕೆ ಬಿಟ್ಟರು ಅಂತ ನಾವು ಹೇಳುವ ಕಾರಣ ಒಂದೇ ಅವನ ಪಾಲಿಗೆ ಉಳಿಯೋದು. ಅದನ್ನಾದರೂ ನಿಜ ಹೇಳಬೇಕಲ್ವಾ?

ಈಗ ನನ್ನ ತಪ್ಪಿನ ಕಥೆ. ನಮ್ಮೂರು ಶಿಡ್ಲಘಟ್ಟದ ಹತ್ತಿರ. ಬಿ.ಇ. ಎರಡನೇ ವರ್ಷದ ರಜೆಯಲ್ಲಿ ಚಿಂತಾಮಣಿಯ ಟೆನಿಸ್ ಬಾಲ್ ಟೂರ್ನಮೆಂಟಿಗೆ ನಾನೇ ಕ್ಯಾಪ್ಟನ್. ಇಬ್ಬರು ಸ್ಪಿನ್ನರ್‌ಗಳು, ಒಂದೇ ಜಾಗ. ಒಬ್ಬ ನನ್ನ ಜೊತೆ ಒಂದನೇ ಕ್ಲಾಸಿಂದ ಓದಿದವನು, ನಮ್ಮೂರಲ್ಲಿ ಅವನಂತೆ ಬಾಲ್ ತಿರುಗಿಸೋರು ಯಾರೂ ಇರಲಿಲ್ಲ. ಇನ್ನೊಬ್ಬ ಸುಮಾರಾದ ಬೌಲರ್, ಆದರೆ ಕೊನೆಗೆ ಬಂದು ಎರಡು ಸಿಕ್ಸ್ ಹೊಡೀತಿದ್ದ. ಸಿಕ್ಸ್ ಹೊಡೆಯೋನನ್ನು ತಗೊಂಡೆ. ಆ ಲೆಕ್ಕ ತಪ್ಪು ಅಂತ ಇವತ್ತೂ ಅನ್ನಿಸಲ್ಲ. ಆದರೆ ಗೆಳೆಯ ಬಂದು 'ಯಾಕೋ?' ಅಂತ ಕೇಳಿದಾಗ 'ನಿನ್ನ ಬಾಲ್ ಈಗ ಮೊದಲಿನಂಗೆ ತಿರುಗ್ತಾ ಇಲ್ಲ ಕಣೋ' ಅಂದೆ.

ಯಾಕೆ ಹಂಗಂದೆ? 'ನಮಗೆ ಬ್ಯಾಟಿಂಗ್ ಬೇಕು' ಅಂದಿದ್ರೆ ಅವನು ವಾದ ಮಾಡ್ತಿದ್ದ, ನಾನು ಉತ್ತರ ಕೊಡಬೇಕಿತ್ತು. 'ನಿನ್ನಲ್ಲೇ ಕೊರತೆ' ಅಂದ್ರೆ ಮಾತು ಅಲ್ಲಿಗೇ ಮುಗೀತು. ಆಯ್ಕೆಯ ಭಾರ ನನ್ನದು, ಅದನ್ನು ಅವನ ತಲೆ ಮೇಲೆ ಇಟ್ಟು ಕಳಿಸಿದೆ. ಮುಂದಿನ ವರ್ಷ ಊರಿಗೆ ಹೋದಾಗ ಅವನು ಬಾಲ್ ಹಾಕೋದನ್ನೇ ಬಿಟ್ಟಿದ್ದ.

ಈಗ ಅವನು ಶಿಡ್ಲಘಟ್ಟದಲ್ಲಿ ರೀಲರ್. ಹೋದ ಸಲ ಊರಿಗೆ ಹೋದಾಗ ಗೂಡಿನ ಮಾರುಕಟ್ಟೆಗೆ ಅವನ ಜೊತೆ ಹೋಗಿದ್ದೆ. ಒಂದು ಲಾಟಿನಿಂದ ನಾಲ್ಕು ಬಿಳಿ ಗೂಡು ಎತ್ತಿಕೊಂಡು ಅಲ್ಲಾಡಿಸಿ ನೋಡಿ ವಾಪಸ್ ಹಾಕಿದ. ಪಕ್ಕದಲ್ಲಿದ್ದ ರೈತ ಮುಖ ಸಣ್ಣ ಮಾಡಿಕೊಂಡು, 'ಯಾಕಪ್ಪ, ಬ್ಯಾಡ್ವಾ?' ಅಂದ. ಇವನು ನಿಂತು ಹೇಳಿದ: 'ಗೂಡು ಚೆನ್ನಾಗೈತಣ್ಣ. ನಮ್ದು ಸಿ.ಬಿ. ಗೂಡಿನ ಕೆಲಸ, ಬೈವೋಲ್ಟೀನ್ ನಮ್ಮ ಮಿಷಿನ್ನಿಗೆ ಆಗಲ್ಲ, ಅಷ್ಟೇ. ಕಮ್ಮಿಗೆ ಬಿಟ್ಕೊಡ್ಬ್ಯಾಡಿ.'

ಹೊರಗೆ ಬಂದ ಮೇಲೆ ನಾನು ಕೇಳಿದೆ, ತಗೊಳ್ಳದೇ ಇರೋ ಮಾಲಿಗೆ ಇಷ್ಟೊಂದು ಮಾತು ಯಾಕೆ ಅಂತ. 'ನಾನು ಬ್ಯಾಡ ಅಂದಿದ್ದು ನೋಡಿ ಗೂಡೇ ಸರಿಯಿಲ್ಲ ಅನ್ಕೊಂಡ್ರೆ, ಸಿಕ್ಕಿದ ರೇಟಿಗೆ ಕೊಟ್ಟು ಹೋಗ್ತಾನೆ ಕಣೋ' ಅಂದ.

ನಾನೀಗ ಆಫೀಸಿನಲ್ಲಿ ಇಂಟರ್‌ವ್ಯೂ ಮಾಡ್ತೀನಿ. ಇಬ್ಬರು ಚೆನ್ನಾಗಿರ್ತಾರೆ, ಸೀಟು ಒಂದೇ ಇರುತ್ತೆ. ಬಿಟ್ಟವರ ಫಾರ್ಮಿನಲ್ಲಿ 'ಬೇಸಿಕ್ಸ್ ವೀಕ್' ಅಂತ ಎಷ್ಟು ಸಲ ಬರೆದಿದ್ದೀನೋ! ನಿಜವಾಗಿ ಬರೆಯಬೇಕಾದದ್ದು 'ಒಳ್ಳೆಯವನೇ, ಈ ಕೆಲಸಕ್ಕೆ ಇನ್ನೊಬ್ಬ ಹೆಚ್ಚು ಹೊಂದಿದ' ಅಂತ. 'ಬೇಕಾಗಿಲ್ಲ' ಅನ್ನೋದು ನಮ್ಮ ತೀರ್ಮಾನ. 'ಯೋಗ್ಯತೆ ಇಲ್ಲ' ಅನ್ನೋದು ಅವನ ಮೇಲಿನ ತೀರ್ಪು. ಮೊದಲನೆಯದನ್ನು ಹೇಳೋ ಧೈರ್ಯ ಇಲ್ಲದೆ ನಾವು ಎರಡನೆಯದನ್ನು ಹೇಳ್ತೀವಿ. 2017ರಲ್ಲಿ ಬಿಸಿಸಿಐ ಗೋಯಲ್‌ರಿಗೆ ಸಿ.ಕೆ. ನಾಯ್ಡು ಜೀವಮಾನ ಪ್ರಶಸ್ತಿ ಕೊಟ್ಟು ಗೌರವಿಸಿತು, ಅದೂ ಬೆಂಗಳೂರಿನಲ್ಲೇ. ನಿಮ್ಮಲ್ಲಿ ಕೊರತೆ ಇರಲಿಲ್ಲ ಅಂತ ಹೇಳಲು ನಲವತ್ತು ವರ್ಷದ ಮೇಲೆ ಬೇಕಾಯ್ತು.

ಅವತ್ತು ಮಾರುಕಟ್ಟೆ ಪಕ್ಕ ಟೀ ಕುಡೀತಾ ಗೆಳೆಯನಿಗೆ ನಿಜ ಹೇಳಿದೆ. ನಿನ್ನ ಬಾಲ್ ಚೆನ್ನಾಗೇ ತಿರುಗ್ತಿತ್ತು, ನನಗೆ ಬ್ಯಾಟಿಂಗ್ ಬೇಕಿತ್ತು ಅಂತ. ಅವನು ಸ್ವಲ್ಪ ಹೊತ್ತು ಲೋಟ ನೋಡ್ತಾ ಕೂತ.

'ಅವತ್ತೇ ಹೇಳಿದ್ರೆ ಇನ್ನೊಂದೆರಡು ವರ್ಷ ಹಾಕ್ತಿದ್ನಲ್ಲೋ' ಅಂದ. ಟೀ ದುಡ್ಡು ಅವನೇ ಕೊಟ್ಟ.